ಕೈಯಿಂದ ಲೋಟ ಜಾರಿದ ಬೆಳಗ್ಗೆ: ಸ್ಟ್ರೋಕ್ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಹತ್ತಿರದ ಊರು. ಅಪ್ಪನಿಗೆ 64 ವರ್ಷ. ಮಿಲಿಟರಿಯಿಂದ ರಿಟೈರ್ ಆದ ಮೇಲೆ ಇರುವ ಸ್ವಲ್ಪ ಕಾಫಿ ತೋಟ ನೋಡಿಕೊಂಡಿದ್ದರು. ಎರಡು ತಿಂಗಳ ಹಿಂದೆ, ಕಾಫಿ ಕುಯ್ಲಿನ ಸಮಯದಲ್ಲಿ, ಬೆಳಗ್ಗೆ ಆರೂವರೆಗೆ ಕಾಫಿ ಕುಡಿಯುತ್ತಿದ್ದಾಗ ಬಲಗೈಯಿಂದ ಲೋಟ ಜಾರಿ ಬಿತ್ತು. ಮಾತು ತೊದಲಿತು. ಚಳಿಗೆ ಕೈ ಜೋಮು ಹಿಡಿದಿರಬೇಕು ಅಂತ ಅವ್ವ ಎಣ್ಣೆ ತಿಕ್ಕಿ ಮಲಗಿಸಿದರು. ಮಧ್ಯಾಹ್ನದ ಹೊತ್ತಿಗೆ ಕಾಲಿನ ಸ್ವಾಧೀನವೂ ತಪ್ಪಿತು. ಮಡಿಕೇರಿಗೆ, ಅಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋದೆವು. ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗಿದೆ, ಇಂಜೆಕ್ಷನ್ ಕೊಡುವ ಸಮಯ ಮೀರಿದೆ ಅಂದರು. ಈಗ ಮನೆಯಲ್ಲಿದ್ದಾರೆ. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಹಾಕುತ್ತಾರೆ. ಬಲಗೈ ಅಲ್ಲಾಡುವುದು ಕಡಿಮೆ, ಮಾತು ಒಂದೆರಡು ಶಬ್ದ ಅಷ್ಟೇ. ಕಾಫಿ ಕುಡಿಯುವಾಗ ಕೆಮ್ಮುತ್ತಾರೆ. ಸುಮ್ಸುಮ್ನೆ ಅಳುತ್ತಾರೆ. ದಿನಾ ತೋಟದಲ್ಲಿ ಓಡಾಡುತ್ತಿದ್ದವರಿಗೆ ಇದು ಯಾಕೆ ಬಂತು? ಮೊದಲಿನ ಹಾಗೆ ಆಗುತ್ತಾರಾ? ಮತ್ತೆ ಬರುತ್ತಾ? ಮಾತ್ರೆ ನಿಲ್ಲಿಸಿ ನಾಟಿ ಮದ್ದು ಮಾಡಿಸಿ ಅಂತ ನೆಂಟರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ:

ಮೊದಲು ಆ ಕೆಮ್ಮಿನ ವಿಷಯ, ಉಳಿದದ್ದು ಆಮೇಲೆ. ಸ್ಟ್ರೋಕ್ ಆದಾಗ ಕೈಕಾಲು ಸೋತ ಹಾಗೆ ಗಂಟಲಿನ ಸ್ನಾಯುಗಳೂ ಸೋಲುತ್ತವೆ. ಕುಡಿದದ್ದರಲ್ಲಿ ಒಂದು ಪಾಲು ಹೊಟ್ಟೆಯ ದಾರಿ ಬಿಟ್ಟು ಶ್ವಾಸಕೋಶದ ಕಡೆ ಇಳಿಯುತ್ತದೆ. ದಿನಾ ಹೀಗೆ ಇಳಿದರೆ ನ್ಯುಮೋನಿಯಾ ಆಗಬಹುದು. ಸ್ಟ್ರೋಕ್‌ನಿಂದ ಬದುಕಿ ಮನೆಗೆ ಬಂದವರು ಒಂದು ತಿಂಗಳಾದ ಮೇಲೆ ಇದರಿಂದ ತೀರಿಕೊಂಡದ್ದನ್ನು ನಾನು ನೋಡಿದ್ದೇನೆ, ಅದಕ್ಕೇ ಇದನ್ನು ಮೊದಲು ಬರೆಯುತ್ತಿದ್ದೇನೆ. ನೀರು, ಕಾಫಿ, ತಿಳಿಸಾರು ಇಂಥ ತೆಳ್ಳಗಿನವೇ ಜಾಸ್ತಿ ಅಪಾಯ. ಗಟ್ಟಿ ಗಂಜಿ, ಚೆನ್ನಾಗಿ ಕಿವುಚಿದ ಅನ್ನ ಸಾಮಾನ್ಯವಾಗಿ ಸುಲಭವಾಗಿ ಇಳಿಯುತ್ತದೆ. ಮಲಗಿಸಿಕೊಂಡು, ಒರಗಿಸಿಕೊಂಡು ಏನೂ ಕೊಡಬೇಡಿ. ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಡಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಬಲಗಡೆಯ ಕೆನ್ನೆಯೊಳಗೆ ಅನ್ನ ಉಳಿದಿರುತ್ತದೆ, ಅವರಿಗೆ ಗೊತ್ತಾಗುವುದಿಲ್ಲ, ನೀವೇ ನೋಡಿ ತೆಗೆಯಬೇಕು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಇದಿಷ್ಟೂ ಸದ್ಯಕ್ಕೆ ಮಾತ್ರ. ನುಂಗುವುದನ್ನು ಪರೀಕ್ಷೆ ಮಾಡಿ ಏನು ಕೊಡಬೇಕು, ಎಷ್ಟು ಗಟ್ಟಿ ಇರಬೇಕು ಅಂತ ಹೇಳಿಕೊಡುವ ಸ್ಪೀಚ್ ಥೆರಪಿಸ್ಟ್ ಇರುತ್ತಾರೆ. ನಿಮ್ಮ ವೈದ್ಯರನ್ನು ಕೇಳಿ ಈ ವಾರವೇ ತೋರಿಸಿ. ಕುಡಿದ ಮೇಲೆ ಗಂಟಲಲ್ಲಿ ನೀರು ನಿಂತ ಹಾಗೆ ಸ್ವರ ಗೊರಗೊರ ಅಂದರೆ, ಇಲ್ಲವೇ ಜ್ವರ ಬಂದರೆ, ವಾರವೂ ಕಾಯಬೇಡಿ.

ಈಗ ಆ ಬೆಳಗ್ಗೆಯ ಮಾತು. ನೀವು ಬರೆದಿಲ್ಲ, ಆದರೆ ಪತ್ರದಲ್ಲಿ ಅದು ಕಾಣಿಸುತ್ತದೆ: ತಡ ಮಾಡಿಬಿಟ್ಟೆವಲ್ಲ ಅಂತ. ತಡವಾಯಿತು, ನಿಜ. ಆದರೆ ಅವ್ವನನ್ನು ದೂರಬೇಡಿ. ಎದೆನೋವು ಬಂದರೆ ಯಾರಾದರೂ ಓಡುತ್ತಾರೆ, ಯಾಕಂದರೆ ಅದು ನೋಯುತ್ತದೆ. ಹೆಪ್ಪುಗಟ್ಟಿ ಆಗುವ ಸ್ಟ್ರೋಕ್‌ನಲ್ಲಿ ಬಹಳ ಸಲ ನೋವೇ ಇರುವುದಿಲ್ಲ. ಲೋಟ ಜಾರುತ್ತದೆ, ನಾಲಿಗೆ ತೊಡರುತ್ತದೆ, ಅಷ್ಟೇ. ಕುಯ್ಲಿನ ಸಮಯದ ಆಯಾಸ, ಬೆಳಗಿನ ಚಳಿ, ಹೀಗೆ ಕಾರಣ ಹುಡುಕಿಕೊಳ್ಳುವುದು ಯಾರಿಗಾದರೂ ಸಹಜ ಅಲ್ವಾ.

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ್ದು ನೆನಪು ಮಾಡಿಕೊಳ್ಳಿ. ಪೈಪಿನಲ್ಲಿ ಕಸ ಸಿಕ್ಕಿಕೊಂಡರೆ ಅದರ ಆಚೆಗಿನ ಗಿಡಗಳಿಗೆ ನೀರಿಲ್ಲ. ಪೈಪೇ ಒಡೆದರೂ ನೀರಿಲ್ಲ, ಜೊತೆಗೆ ಒಡೆದ ಜಾಗವೆಲ್ಲ ಕೆಸರು. ಸ್ಟ್ರೋಕ್‌ನಲ್ಲಿ ಈ ಎರಡೂ ಬಗೆ ಉಂಟು. ಮಿದುಳಿನ ರಕ್ತನಾಳ ಮುಚ್ಚಿ ಆಗುವುದು 100ರಲ್ಲಿ ಸುಮಾರು 85, ಒಡೆದು ರಕ್ತ ಸೋರಿ ಆಗುವುದು ಉಳಿದ 15. ನಿಮ್ಮ ಅಪ್ಪನಿಗೆ ಆದದ್ದು ಮೊದಲನೆಯದು. ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ಮಧ್ಯದ ಭಾಗ ಬೇಗ ಸಾಯುತ್ತದೆ, ಸುತ್ತಲಿನ ಭಾಗ ಕೆಲವು ಗಂಟೆ ಹೇಗೋ ಜೀವ ಹಿಡಿದುಕೊಂಡಿರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಆ ಸುತ್ತಲಿನ ಭಾಗವನ್ನು ಉಳಿಸಲಿಕ್ಕೆ, ಅದಕ್ಕೆ ನಾಲ್ಕೂವರೆ ಗಂಟೆಯ ಮಿತಿ. ದೊಡ್ಡ ರಕ್ತನಾಳ ಮುಚ್ಚಿದ್ದರೆ ತೊಡೆಯ ಹತ್ತಿರದಿಂದಲೋ ಮಣಿಕಟ್ಟಿನಿಂದಲೋ ತಂತಿ ತೂರಿಸಿ ಹೆಪ್ಪನ್ನೇ ಹೊರಗೆ ಎಳೆಯಬಹುದು. ಅದಕ್ಕೆ ಆರು ಗಂಟೆ, ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೂ ಅವಕಾಶ ಇರುತ್ತದೆ. ಲೆಕ್ಕ ಶುರುವಾಗುವುದು ಆಸ್ಪತ್ರೆ ಬಾಗಿಲಿನಲ್ಲಿ ಅಲ್ಲ, ಲೋಟ ಬಿದ್ದ ಗಳಿಗೆಯಿಂದ. ನಿದ್ದೆಯಲ್ಲೇ ಆಗಿದ್ದರೆ, ಕೊನೆಯ ಸಲ ಸರಿಯಾಗಿ ಇದ್ದದ್ದನ್ನು ಯಾರಾದರೂ ನೋಡಿದ ಹೊತ್ತಿನಿಂದ.

ಕೊಡಗಿನಲ್ಲಿ ಇರುವವರಿಗೆ ಈ ನಾಲ್ಕೂವರೆ ಗಂಟೆ ಬೆಂಗಳೂರಿನವರ ನಾಲ್ಕೂವರೆ ಗಂಟೆಯಷ್ಟು ಉದ್ದ ಇಲ್ಲ. ನಾಪೋಕ್ಲಿನಿಂದ ಮಡಿಕೇರಿಗೇ ಸುಮಾರು 20 ಕಿಲೋಮೀಟರ್, ತೋಟದ ಒಳಗಿನ ಮನೆಯಿಂದ ಟಾರು ರಸ್ತೆಗೆ ಬರಲು ಇನ್ನಷ್ಟು ಹೊತ್ತು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಅದೂ ಸಂಪಾಜೆ ಘಾಟಿ ಇಳಿದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆಯೇ ಇಲ್ಲದ ಹಾಗೆ ಆಗಿತ್ತಲ್ಲ. ಮಳೆಗಾಲದಲ್ಲಿ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಮರ ಬಿದ್ದಿರುತ್ತದೆ. ಹಾಗಾಗಿ ನಾನು ಇಲ್ಲಿಯ ಪ್ರತಿ ಮನೆಗೂ ಹೇಳುವುದು ಒಂದೇ: ಯಾವ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಇದೆ, ರಾತ್ರಿ ಹೊತ್ತೂ ಮಾಡುತ್ತಾರಾ, ಸ್ಟ್ರೋಕ್ ಇಂಜೆಕ್ಷನ್ ಕೊಡುತ್ತಾರಾ ಅಂತ ಇವತ್ತೇ ವಿಚಾರಿಸಿ ನಂಬರನ್ನು ಗೋಡೆಗೆ ಅಂಟಿಸಿಡಿ. ಸ್ಕ್ಯಾನ್ ಇಲ್ಲದೆ ಆ ಇಂಜೆಕ್ಷನ್ ಕೊಡುವ ಹಾಗಿಲ್ಲ, ಮುಚ್ಚಿದೆಯಾ ಒಡೆದಿದೆಯಾ ಅನ್ನುವುದು ಹೊರಗಿನಿಂದ ನೋಡಿದರೆ ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಹತ್ತಿರದಲ್ಲೇ ಸ್ಕ್ಯಾನ್ ಮತ್ತು ಇಂಜೆಕ್ಷನ್ ಸಿಕ್ಕಿದರೆ ಅಲ್ಲಿ ಕೊಡಿಸಿ ಆಮೇಲೆ ಮೈಸೂರಿಗೆ ಹೊರಡಬಹುದು. ನೇರವಾಗಿ ದೊಡ್ಡ ಆಸ್ಪತ್ರೆಗೇ ಹೋಗೋಣ ಅಂತ ಮೂರು ಗಂಟೆ ಜೀಪಿನಲ್ಲಿ ಕಳೆಯುವುದಕ್ಕಿಂತ ಅದು ಎಷ್ಟೋ ಮೇಲು. 108ಕ್ಕೆ ಫೋನ್ ಮಾಡಿ, ಅದು ಬರಲು ತಡವಾಗುತ್ತದೆ ಅಂತ ಗೊತ್ತಾದರೆ ಪಕ್ಕದ ಮನೆಯವರ ಜೀಪಾದರೂ ಸರಿ, ಹೊರಡಿ.

ಗುರುತಿಸುವುದು ಹೇಗೆ ಅಂತ ಮನೆಯ ಮಕ್ಕಳಿಗೂ ಕಲಿಸಿಡಿ. ನಗಲು ಹೇಳಿ, ಬಾಯಿ ಒಂದು ಕಡೆ ಎಳೆದುಕೊಂಡಿದೆಯಾ? ಎರಡೂ ಕೈ ಮುಂದೆ ಚಾಚಲು ಹೇಳಿ, ಒಂದು ಕೆಳಗೆ ಬೀಳುತ್ತದಾ? ಒಂದು ವಾಕ್ಯ ಹೇಳಿಸಿ, ತೊದಲುತ್ತಾರಾ, ಸಂಬಂಧವಿಲ್ಲದ್ದು ಹೇಳುತ್ತಾರಾ? ಇದ್ದಕ್ಕಿದ್ದ ಹಾಗೆ ಕಣ್ಣು ಮಂಜಾಗುವುದು, ಓಲಾಡುವುದು, ಹಿಂದೆಂದೂ ಬಾರದಂಥ ಭಯಂಕರ ತಲೆನೋವು, ಇವೂ ಸೇರುತ್ತವೆ. ಇದರಲ್ಲಿ ಒಂದು ಕಂಡರೂ ಸಾಕು. ಆ ಹೊತ್ತಿನಲ್ಲಿ ಆಸ್ಪಿರಿನ್ ನುಂಗಿಸಬೇಡಿ, ಒಡೆದು ಆದ ಸ್ಟ್ರೋಕ್ ಆಗಿದ್ದರೆ ರಕ್ತ ಇನ್ನೂ ಸೋರುತ್ತದೆ. ನಾಲಿಗೆ ಕೆಳಗೆ ಬಿ.ಪಿ. ಮಾತ್ರೆ ಇಡಬೇಡಿ, ನೀರೂ ಕುಡಿಸಬೇಡಿ. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ವಾಸಿ ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಅದು ಶುದ್ಧ ಸುಳ್ಳು, ಹೊತ್ತು ಹಾಳು. ಇನ್ನೊಂದು: ಕೈ ಸೋತು ಹತ್ತು ನಿಮಿಷದಲ್ಲಿ ತಾನೇ ಸರಿಹೋದರೆ ಸದ್ಯ ಸರಿಯಾಯಿತಲ್ಲ ಅಂತ ತೋಟಕ್ಕೆ ಹೋಗಿಬಿಡುತ್ತಾರೆ. ಅದು ದೊಡ್ಡ ಸ್ಟ್ರೋಕ್‌ನ ಮುನ್ಸೂಚನೆ, ಮುಂದಿನ ಎರಡು ದಿನಗಳೇ ಎಲ್ಲಕ್ಕಿಂತ ಅಪಾಯದ್ದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ದಿನಾ ಓಡಾಡುವವರಿಗೆ ಯಾಕೆ ಬಂತು ಅಂತ ಕೇಳಿದ್ದೀರಿ. ಓಡಾಟ ಒಳ್ಳೆಯದೇ, ಆದರೆ ಅದೊಂದೇ ಬಿ.ಪಿ.ಯನ್ನು ಹಿಡಿದಿಡುವುದಿಲ್ಲ. ಸ್ಟ್ರೋಕ್‌ಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬಿ.ಪಿ. ಅದಕ್ಕೆ ಹೆಚ್ಚಿನವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ, 180 ಇಟ್ಟುಕೊಂಡು ಏಣಿ ಹತ್ತಿ ಮೆಣಸು ಕುಯ್ಯುವವರನ್ನು ನಾನು ನೋಡಿದ್ದೇನೆ. ಮಿಲಿಟರಿಯಲ್ಲಿ ಇದ್ದವರಿಗೆ ‘ನನಗೇನೂ ಆಗಲ್ಲ’ ಅನ್ನುವ ಧೈರ್ಯ ಬೇರೆ. ಸರ್ವಿಸ್‌ನಲ್ಲಿ ಇದ್ದಾಗ ವರ್ಷವರ್ಷ ಮೆಡಿಕಲ್ ಆಗುತ್ತಿತ್ತು, ಊರಿಗೆ ಬಂದ ಮೇಲೆ ಬಿ.ಪಿ. ಪಟ್ಟಿ ತೋಳಿಗೆ ಸುತ್ತಿದ್ದೇ ಇಲ್ಲ. ನಿಮ್ಮ ಮನೆಯಲ್ಲೂ ಹೀಗೇ ಆಗಿರಬಹುದಾ, ನೀವೇ ಯೋಚಿಸಿ.

ಬಿ.ಪಿ. ಆದ ಮೇಲೆ ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಕೊಲೆಸ್ಟರಾಲ್, ಕುಡಿತ. ನಮ್ಮಲ್ಲಿ ಕುಡಿತದ ಮಾತು ಎತ್ತಿದರೆ ಮುಖ ತಿರುಗಿಸುತ್ತಾರೆ, ಮದುವೆ, ಹುತ್ತರಿ ಹಬ್ಬ, ಕೈಲ್ ಪೊಳ್ದ್ ಹಬ್ಬ ಯಾವುದೂ ಅದಿಲ್ಲದೆ ಆಗುವುದಿಲ್ಲ ಅಂತ. ಆದರೂ ಹೇಳುತ್ತೇನೆ, ಸಂಜೆ ಸಂಜೆ ಕುಡಿಯುವ ರಮ್ಮು ಬಿ.ಪಿ. ಏರಿಸುತ್ತದೆ, ಹೃದಯದ ಬಡಿತದ ಲಯವನ್ನೂ ಕೆಡಿಸಬಹುದು. ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಅದೊಂದನ್ನೇ ಎಲ್ಲರೂ ಬೈಯುತ್ತಾರೆ. ಅಪರೂಪಕ್ಕೆ ಸ್ವಲ್ಪ ತಿಂದರೆ ಆಗುವುದಕ್ಕಿಂತ ಜಾಸ್ತಿ ಕೆಡುಕು ದಿನಾ ತಟ್ಟೆಯ ಅಂಚಿನಲ್ಲಿರುವ ಉಪ್ಪಿನಕಾಯಿ, ಒಣಮೀನು, ಹಪ್ಪಳದಿಂದ ಅಂತ ನನ್ನ ಅಭಿಪ್ರಾಯ. ದಿನಕ್ಕೆ ಒಬ್ಬರಿಗೆ ಐದು ಗ್ರಾಂ ಒಳಗೆ ಉಪ್ಪು ಸಾಕು, ಅಂದರೆ ಹತ್ತಿರ ಹತ್ತಿರ ಒಂದು ಟೀ ಚಮಚ, ಎಲ್ಲ ಅಡುಗೆಯದೂ ಸೇರಿ.

ಇನ್ನೊಂದು ಕಾರಣವನ್ನು ಖಂಡಿತ ವಿಚಾರಿಸಿ. ಹೃದಯ ಲಯ ತಪ್ಪಿ ಬಡಿಯುವ ಒಂದು ತೊಂದರೆ ಇದೆ, ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತಾರೆ. ಅದರಲ್ಲಿ ಹೃದಯದೊಳಗೇ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹಾರುತ್ತದೆ, ಸ್ಟ್ರೋಕ್ ಅಪಾಯ ಸುಮಾರು ಐದು ಪಟ್ಟು. ಅದಕ್ಕೆ ಆಸ್ಪಿರಿನ್ ಸಾಲದು, ಬೇರೆ ಬಗೆಯ ಮಾತ್ರೆ ಬೇಕು. ಒಂದು ಇ.ಸಿ.ಜಿ.ಯಲ್ಲಿ ಸಿಗದೇ ಇರಬಹುದು, ಒಂದೆರಡು ದಿನ ಮೈಗೆ ಯಂತ್ರ ಕಟ್ಟಿ ನೋಡಬೇಕಾಗುತ್ತದೆ, ಅದಕ್ಕೆ ಹೋಲ್ಟರ್ ಅನ್ನುತ್ತಾರೆ. ‘ಅಪ್ಪನಿಗೆ ಹೋಲ್ಟರ್ ಆಗಿದೆಯಾ?’ ಅಂತ ಕೇಳಿ.

ಮೊದಲಿನ ಹಾಗೆ ಆಗುತ್ತಾರಾ ಅನ್ನುವುದಕ್ಕೆ ನಾನು ಮಾತು ಕೊಡಲಾರೆ, ಯಾರು ಕೊಟ್ಟರೂ ನಂಬಬೇಡಿ. ಆದರೆ ಎರಡೇ ತಿಂಗಳಲ್ಲಿ ಹಿಡಿದುಕೊಂಡು ಹೆಜ್ಜೆ ಹಾಕುತ್ತಿದ್ದಾರೆ ಅನ್ನುವುದು ಒಳ್ಳೆಯ ಸುದ್ದಿ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಉಳಿದಿರುವ ಭಾಗಗಳು ಆ ಕೆಲಸವನ್ನು ಕಲಿತುಕೊಳ್ಳುತ್ತವೆ, ಮಾಡಿ ಮಾಡಿಯೇ ಕಲಿಯಬೇಕು. ಈ ಕಲಿಕೆ ಮೊದಲ ಮೂರು ತಿಂಗಳು ಬಹಳ ಜೋರು, ಆರು ತಿಂಗಳವರೆಗೂ ಚೆನ್ನಾಗಿರುತ್ತದೆ, ಆಮೇಲೂ ನಿಧಾನವಾಗಿ ನಡೆಯುತ್ತದೆ. ಸಾಮಾನ್ಯವಾಗಿ ಕಾಲು ಮೊದಲು, ಕೈ ಕೊನೆಗೆ. ಮಾತು ವರ್ಷಗಳ ನಂತರವೂ ಸುಧಾರಿಸಿದ್ದುಂಟು.

ಫಿಸಿಯೋ ವಾರಕ್ಕೆ ಎರಡು ಸಲ ಬಂದು ಅರ್ಧ ಗಂಟೆ ಮಾಡಿಸಿದರೆ ಅದು ಕಲಿಸುವ ಪಾಠ ಅಷ್ಟೇ, ಅಭ್ಯಾಸ ಮಾಡಿಸುವುದು ನೀವು. ಒಂದು ಚಲನೆ ದಿನಕ್ಕೆ ಹತ್ತು ಸಲ ಆದರೆ ಏನೂ ಸಾಲದು, ನೂರಾರು ಸಲ ಆಗಬೇಕು. ಪೊನ್ನಂಪೇಟೆ ಕಡೆಯ ಒಬ್ಬ ಹಿರಿಯರಿಗೆ ಹೀಗೇ ಬಲಗೈ ಹೋಗಿತ್ತು. ರಬ್ಬರ್ ಚೆಂಡು ಕೊಟ್ಟರೆ ಬೇಜಾರಿನಿಂದ ಎಸೆದುಬಿಡುತ್ತಿದ್ದರು. ಅವರ ಸೊಸೆ ಒಂದು ದಿನ ಮೊರದಲ್ಲಿ ಒಣಗಿದ ಕಾಫಿ ಬೀಜ, ಕರಿಮೆಣಸು ಎರಡನ್ನೂ ಬೆರೆಸಿ ಮುಂದಿಟ್ಟು, ‘ಮಾವ, ಇದನ್ನು ಬೇರೆ ಮಾಡಿಕೊಡಿ’ ಅಂದರಂತೆ. ಮೊದಲ ವಾರ ಎಡಗೈಯಿಂದ ಬಲಗೈಯನ್ನು ಎತ್ತಿ ಮೊರದ ಮೇಲೆ ಇಡುವುದೇ ಆಯಿತು. ಆಮೇಲೆ ಅಂಗೈಯಿಂದ ಬೀಜಗಳನ್ನು ಪಕ್ಕಕ್ಕೆ ಒತ್ತಿದರು. ತಿಂಗಳಾದ ಮೇಲೆ ಒಂದು ಕಾಫಿ ಬೀಜ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಮೆಣಸು ಕಾಳು ಹಿಡಿಯಲು ಇನ್ನೂ ಎರಡು ತಿಂಗಳು ಬೇಕಾಯಿತು. ಅವರು ನನಗೆ ತೋರಿಸಿದ ದಿನ ನನ್ನ ಕಣ್ಣಲ್ಲೂ ನೀರು ಬಂದಿತ್ತು. ನಿಮ್ಮ ಅಪ್ಪನಿಗೂ ಅವರ ಕೈಗೆ ಗೊತ್ತಿರುವ ಕೆಲಸವನ್ನೇ ಕೊಡಿ. ಖಾಲಿ ಸ್ಟೀಲ್ ಲೋಟದಿಂದ ಶುರು ಮಾಡಿ: ಮುಟ್ಟುವುದು, ಸುತ್ತ ಬೆರಳು ಹಾಕುವುದು, ಒಂದು ಇಂಚು ಎತ್ತಿ ಇಡುವುದು.

ಅವರನ್ನು ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಸ್ನಾಯು ಸೋತಿರುವುದರಿಂದ ಭುಜದ ಕೀಲು ಜಾರುತ್ತದೆ, ಆ ನೋವು ಶುರುವಾದರೆ ವ್ಯಾಯಾಮವೇ ನಿಂತುಹೋಗುತ್ತದೆ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ಕೂತಾಗ ಬಲಗೈ ಜೋತಾಡದ ಹಾಗೆ ಕೆಳಗೆ ದಿಂಬು ಇಡಿ. ಬಚ್ಚಲು ಮನೆಯ ಹೊರಗಿದ್ದರೆ ಆ ಮೆಟ್ಟಿಲು, ಮಳೆಗಾಲದ ಪಾಚಿ, ಇವೇ ಮುಂದಿನ ಶತ್ರು. ಗೋಡೆಗೆ ಹಿಡಿಕೆ ಹಾಕಿಸಿ, ರಾತ್ರಿಗೆ ಕೋಣೆಯಲ್ಲೇ ಕಮೋಡ್ ಕುರ್ಚಿ ಇಡಿ. ಹಂಡೆಯ ನೀರು ಹೊಯ್ಯುವ ಮುಂಚೆ ನಿಮ್ಮ ಕೈ ಅದ್ದಿ ನೋಡಿ. ಚಳಿ ಕಾಯಲು ಒಲೆಯ ಹತ್ತಿರ ಕೂರಿಸುವಾಗಲೂ ಎಚ್ಚರ. ಸ್ಪರ್ಶ ಕಡಿಮೆಯಾಗಿದ್ದರೆ ಬಲಗಾಲು ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಮಾತು ಹೋಗಿದೆ ಅಂದರೆ ಬುದ್ಧಿ ಹೋಗಿದೆ ಅಂತ ಅಲ್ಲ. ಹೆಚ್ಚಿನವರಲ್ಲಿ ಮಿದುಳಿನ ಎಡಭಾಗವೇ ಬಲಗೈಯನ್ನೂ ಮಾತನ್ನೂ ನೋಡಿಕೊಳ್ಳುತ್ತದೆ, ಅದಕ್ಕೇ ಎರಡೂ ಒಟ್ಟಿಗೆ ಹೋದವು. ಅವರ ಎದುರಿಗೇ ‘ಇವರಿಗೆ ಏನೂ ಗೊತ್ತಾಗಲ್ಲ’ ಅಂತ ನೆಂಟರ ಹತ್ತಿರ ಹೇಳಬೇಡಿ. ಟಿ.ವಿ. ಆರಿಸಿ, ಎದುರಿಗೆ ಕೂತು, ಚಿಕ್ಕ ಪ್ರಶ್ನೆ ಕೇಳಿ, ಹೌದು-ಇಲ್ಲ ಅಂತ ತಲೆಯಾಡಿಸಿದರೆ ಸಾಕು. ಕೇಳಿದ ಮೇಲೆ ಕಾಯಿರಿ, ನೀವೇ ಉತ್ತರ ಮುಗಿಸಬೇಡಿ. ಮನೆಯಲ್ಲಿ ಕೊಡವ ತಕ್ಕ್ ಆಡುವುದಾದರೆ ಅದನ್ನೇ ಆಡಿ. ಎರಡು ಮೂರು ಭಾಷೆ ಬಲ್ಲವರಲ್ಲಿ ಯಾವುದು ಮೊದಲು ಮರಳುತ್ತದೆ ಅಂತ ಹೇಳಲಾಗದು, ಮಿಲಿಟರಿ ಹಿಂದಿಯೇ ಮೊದಲು ಬಂದರೂ ಬರಲಿ, ಸ್ವಾಗತಿಸಿ. ಮಾತು ಬಾರದ ಕೆಲವರಿಗೆ ಹಾಡು ಬರುತ್ತದೆ. ಹುತ್ತರಿಯ ಹಾಡೋ, ಚಿಕ್ಕಂದಿನ ಪ್ರಾರ್ಥನೆಯೋ, ನೀವು ಶುರು ಮಾಡಿ ನಿಲ್ಲಿಸಿ ನೋಡಿ.

ಸುಮ್ಸುಮ್ನೆ ಅಳುತ್ತಾರೆ ಅಂದಿರಿ. ಮಿದುಳಿಗೆ ಪೆಟ್ಟಾದಾಗ ಅಳು-ನಗುವಿನ ಹಿಡಿತ ತಪ್ಪುವುದು ಒಂದು. ನಿಜವಾದ ಖಿನ್ನತೆ ಇನ್ನೊಂದು, ಅದು ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಎರಡಕ್ಕೂ ಔಷಧಿ ಇದೆ, ವೈದ್ಯರಿಗೆ ಹೇಳಿ. ಊಟ ಬೇಡ ಅನ್ನುವುದು, ವ್ಯಾಯಾಮಕ್ಕೆ ಬಾರದೆ ಗೋಡೆ ಕಡೆ ತಿರುಗಿ ಮಲಗುವುದು ಇದ್ದರೆ ಅದನ್ನು ಹಟ ಅಂತ ತಿಳಿಯಬೇಡಿ. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ: ಮನೆಯಲ್ಲಿ ಕೋವಿ ಇದ್ದರೆ ಅದನ್ನೂ ತೋಟೆಗಳನ್ನೂ ಬೇರೆ ಬೇರೆ ಕಡೆ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅವ್ವನ ಕಡೆಗೂ ನೋಡಿ. ಎರಡು ತಿಂಗಳಿಂದ ರಾತ್ರಿ ನಿದ್ದೆ ಇಲ್ಲದೆ ಇರುವವರು ಅವರು. ವಾರದಲ್ಲಿ ಎರಡು ರಾತ್ರಿಯಾದರೂ ಬೇರೆಯವರು ಅಪ್ಪನ ಹತ್ತಿರ ಮಲಗಲಿ. ಮನಸ್ಸು ಕುಸಿದಾಗ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ನಾಟಿ ಮದ್ದಿನ ವಿಷಯ. ‘ಇಂಥವರಿಗೆ ಲಕ್ವ ಹೊಡೆದಿತ್ತು, ಮದ್ದಿನಿಂದ ಹದಿನೈದು ದಿನದಲ್ಲಿ ವಾಸಿಯಾಯಿತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ನೋಡಿದ್ದು ಬಹುಶಃ ಬೆಲ್ಸ್ ಪಾಲ್ಸಿ. ಅದರಲ್ಲಿ ಮುಖದ ನರ ಊದಿಕೊಂಡು ಒಂದು ಕಡೆಯ ಮುಖ ಪೂರ್ತಿ ಸೋಲುತ್ತದೆ, ಕಣ್ಣೂ ಮುಚ್ಚಲಾಗುವುದಿಲ್ಲ, ಆದರೆ ಕೈಕಾಲು ಸರಿಯಾಗಿರುತ್ತವೆ. ಹೆಚ್ಚಿನವರಿಗೆ ಅದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಪಾರಿವಾಳದ ರಕ್ತ ಹಚ್ಚಿಸಿಕೊಂಡು ಬಂದವರನ್ನೂ ನೋಡಿದ್ದೇನೆ, ಅದರಿಂದ ಏನೂ ಆಗುವುದಿಲ್ಲ. ಹದವಾದ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುವುದಕ್ಕೆ ನನ್ನ ಅಡ್ಡಿ ಇಲ್ಲ, ಜೋರಾಗಿ ಎಳೆದು ತಿರುಚುವುದು ಬೇಡ. ಹೊಟ್ಟೆಗೆ ಕೊಡುವ ಪುಡಿ, ಕಷಾಯ ಬೇಡ, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಅದು ಏನು ಮಾಡೀತು ಅಂತ ಯಾರಿಗೂ ತಿಳಿಯದು.

ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ. ಆಗುವ ಸ್ಟ್ರೋಕ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು, ಮೊದಲೇ ಒಮ್ಮೆ ಆದವರಿಗೆ ಆಗುವುದು. ಅದನ್ನು ತಡೆಯಲಿಕ್ಕೇ ಆ ಮಾತ್ರೆಗಳು: ಹೆಪ್ಪುಗಟ್ಟದ ಹಾಗೆ ಒಂದು, ಕೊಲೆಸ್ಟರಾಲ್‌ಗೆ ಒಂದು, ಬಿ.ಪಿ.ಗೆ ಒಂದೋ ಎರಡೋ. ಬಿ.ಪಿ. ನಾರ್ಮಲ್ ಬಂತು ಅಂತ ಬಿಡುವವರೇ ಜಾಸ್ತಿ, ನಾರ್ಮಲ್ ಬಂದದ್ದೇ ಮಾತ್ರೆಯಿಂದ ಅಲ್ವಾ? ಹೆಚ್ಚಿನವರಲ್ಲಿ 130/80ರ ಒಳಗೆ ಇಡಲು ನೋಡುತ್ತೇವೆ. ತೋಳಿಗೆ ಕಟ್ಟುವ ಯಂತ್ರ ಒಂದು ತೆಗೆದುಕೊಳ್ಳಿ. ಐದು ನಿಮಿಷ ಸುಮ್ಮನೆ ಕೂರಿಸಿ, ಕಾಫಿ ಕುಡಿದು ಅರ್ಧ ಗಂಟೆ ಕಳೆದ ಮೇಲೆ, ಎಡಗೈಯಲ್ಲಿ ನೋಡಿ, ತಾರೀಖು ಹಾಕಿ ಬರೆದಿಡಿ. ಬಿ.ಪಿ., ಸಕ್ಕರೆ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ಅಪ್ಪ ಮಾಜಿ ಸೈನಿಕರಾದ್ದರಿಂದ ಇ.ಸಿ.ಎಚ್.ಎಸ್. (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇರಬಹುದು, ಫಿಸಿಯೋಗೂ ಅದು ಬಳಕೆಗೆ ಬರುತ್ತದಾ ಅಂತ ಆ ಯೋಜನೆಯ ಪಾಲಿಕ್ಲಿನಿಕ್‌ನಲ್ಲಿ ಕೇಳಿ. ನಿಮ್ಮ ಬಿ.ಪಿ.ಯನ್ನೂ ಅದೇ ಯಂತ್ರದಲ್ಲಿ ನೋಡಿಕೊಳ್ಳಿ, ತಂದೆಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ.

ಮುಂದಿನ ಸಲ ತೋರಿಸಲು ಹೋಗುವಾಗ ಆ ಬಿ.ಪಿ. ಪುಸ್ತಕ, ಎಲ್ಲ ಮಾತ್ರೆಗಳ ಚೀಟಿ, ಸ್ಕ್ಯಾನ್ ಫಿಲ್ಮ್ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೋಲ್ಟರ್, ಅಳು, ಭುಜ, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಇಲ್ಲದಿದ್ದರೆ ಅಲ್ಲಿ ಕೂತಾಗ ಮರೆತುಹೋಗುತ್ತದೆ. ನುಂಗುವ ಪರೀಕ್ಷೆಗೆ ಮಾತ್ರ ನಾಳೆಯೇ ಫೋನ್ ಮಾಡಿ ಸಮಯ ಕೇಳಿ, ಅಲ್ಲಿಯವರೆಗೆ ಕಾಫಿ ಬೇಕು ಅಂತ ಅಪ್ಪ ಸನ್ನೆ ಮಾಡಿದರೆ ನೆಟ್ಟಗೆ ಕೂರಿಸಿ ಚಮಚದಲ್ಲಿ ಒಂದೊಂದೇ ಗುಟುಕು ಕೊಡಿ, ಕೆಮ್ಮು ಬಂದ ಕೂಡಲೇ ನಿಲ್ಲಿಸಿ.